ನೀರು ಬೇಡದ ಗಿಡ

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಅನ್ನುತ್ತಾರೆ. ಆಯಿ ಬದುಕಿದ್ದಾಗ ನಾನು ಆಕೆಯ ಬಗ್ಗೆ ಕೆಟ್ಟದ್ದನ್ನೇ ಆಡಿದ್ದೇನೆ, ಅದೂ ಬೇಲಿಯ ಈಚೆ ನಿಂತು, ಆಕೆಗೆ ಕೇಳಿಸುವಂತೆ. ಈಗ ಮಣ್ಣಾದಳು ಅಂತ ನಾನು ಬಾಯಿ ಸಿಹಿ ಮಾಡಿಕೊಂಡು ಕೂತರೆ ಆಕೆಯೇ ಎದ್ದು ಬಂದು, ‘ಏ ಅಂಗನವಾಡಿ, ನಿನ್ನ ನಾಲಿಗಿಗೆ ಏನಾತು?’ ಎಂದು ಕೇಳಿಯಾಳು.

ಅಂಗನವಾಡಿ ಅಂದರೆ ನಾನು. ಹಳಿಯಾಳದ ನಮ್ಮ ಓಣಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸಿ, ಬಸಿರಿ ಬಾಣಂತಿಯರಿಗೆ ಬುದ್ಧಿ ಹೇಳಿ, ಕೂದಲು ಬೆಳ್ಳಗೆ ಮಾಡಿಕೊಂಡವಳು. ಇಷ್ಟು ವರ್ಷ ಮಗ್ಗಲು ಮನೆಯಲ್ಲಿದ್ದರೂ ಆಯಿ ಒಂದು ದಿನ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಅದಕ್ಕೇ ನಾನೂ ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಗೆ ಲೆಕ್ಕ ಚುಕ್ತಾ. ಓಣಿಗೆಲ್ಲ ಆಕೆ ಆಯಿ, ಅಂದರೆ ಅಜ್ಜಿ. ಕರೆಯುವುದಕ್ಕಷ್ಟೇ ಅಜ್ಜಿ. ಆಕೆಯ ಮಡಿಲಲ್ಲಿ ಯಾವ ಕೂಸೂ ಮಲಗಿದ್ದನ್ನು ನಾನು ಕಂಡಿಲ್ಲ.

ನಮ್ಮ ಎರಡು ಮನೆಗಳ ನಡುವೆ ಆಕೆ ಹಾಕಿದ್ದ ಬೇಲಿಯೆಂದರೆ ಕಾಡುಗುಲಾಬಿ. ಪೇಟೆಯಲ್ಲಿ ಮಾರುವ ಗುಲಾಬಿ ನೆನೆಸಿಕೊಳ್ಳಬೇಡಿ. ಇದು ಆಳೆತ್ತರದ ಪೊದೆ. ಶಿವರಾತ್ರಿಯ ಆಸುಪಾಸಿನಲ್ಲಿ ವರ್ಷಕ್ಕೊಮ್ಮೆ ಗೊಂಚಲು ಗೊಂಚಲಾಗಿ ಸಣ್ಣ ಬಿಳಿ ಹೂ ಬಿಡುತ್ತದೆ. ಐದೇ ಎಸಳು. ಆಗ ಓಣಿಯ ತುಂಬ ಘಮ. ಉಳಿದ ದಿನವೆಲ್ಲ ಬರೇ ಮುಳ್ಳು. ಕೊಕ್ಕಿನ ಹಾಗೆ ಬಾಗಿದ ಮುಳ್ಳು. ಕೈ ಒಳಗೆ ಹೋಗುವಾಗ ಸುಮ್ಮನೆ ಬಿಡುತ್ತದೆ, ಹೊರಗೆ ಬರುವಾಗ ಹಿಡಿಯುತ್ತದೆ.

ಆಯಿಯ ಗಂಡ ದಾಂಡೇಲಿಯಲ್ಲಿ ಯಾವುದೋ ಹಳೇ ಬಂಗಲೆಯ ಮಾಲಿಯಾಗಿದ್ದನಂತೆ. ಸಾಹೇಬರ ಕಸಿ ಗುಲಾಬಿಗಳ ಬುಡದಿಂದ ಕಾಡುಚಿಗುರು ಏಳುತ್ತದಲ್ಲ, ಅದನ್ನು ಕಿತ್ತು ಬೇಲಿಯಾಚೆ ಒಗೆಯುವುದು ಆತನ ಕೆಲಸ. ಒಗೆದದ್ದನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು ಈಕೆ. ಗಂಡನ ಬಗ್ಗೆ ಆಕೆ ಹೇಳಿದ್ದು ನಾನು ಕೇಳಿದ್ದು ಇಷ್ಟೇ: ‘ಸಾಹೇಬ್ರ ಗುಲಾಬಿಗೆ ದಿನಾ ನೀರ, ಗೊಬ್ಬರ, ನೆರಳ. ಎಲ್ಲಾ ಸತ್ತು. ಅವಕ್ಕ ನೀರ ಹೊತ್ತಾವನೂ ಸತ್ತ. ಕಿತ್ತ ಒಗದದ್ದು ಇಲ್ಲೇ ಐತಿ ನೋಡು.’ ಹೀಗೆ ಹೇಳಿ ಎಲೆಅಡಿಕೆ ಉಗುಳಿದ್ದಳು. ಗಂಡನ ಶ್ರಾದ್ಧ ಅಷ್ಟಕ್ಕೇ ಮುಗಿಯಿತು.

ಆಕೆಯ ವೇದವೆಲ್ಲ ಒಂದೇ ಮಾತಿನಲ್ಲಿತ್ತು. ‘ಸಾಕಿದ್ದು ಸಾಯ್ತೈತಿ. ಸಾಯಲಿ ಅಂತ ಬಿಟ್ಟದ್ದು ಬದಕ್ತೈತಿ.’ ಮಳೆಗಾಲ ಹಿಡಿದ ಕೂಡಲೇ ಕಡ್ಡಿ ಕತ್ತರಿಸಿ ಹಸಿಮಣ್ಣಿಗೆ ಚುಚ್ಚುವಳು. ಸ್ವಲ್ಪ ದಿನ ಬಿಟ್ಟು ಒಂದೊಂದನ್ನೇ ಹಿಡಿದು ಜಗ್ಗುವಳು. ಕಿತ್ತು ಬಂದರೆ, ‘ಇದು ಬದಕೂದಲ್ಲ’ ಎಂದು ಒಲೆಗೆ. ಬರದಿದ್ದರೆ, ‘ಹತ್ತಿತು’. ಕಡ್ಡಿ ಬೇರು ಬಿಟ್ಟಿದೆ ಎನ್ನುವುದಕ್ಕೆ ನಮ್ಮ ಕಡೆಯ ಮಾತು ಅದು. ಆಯಿಯ ಬಾಯಲ್ಲಿ ಹೊಗಳಿಕೆ ಅಂತ ಇದ್ದದ್ದು ಅದೊಂದೇ. ಮನುಷ್ಯರ ಬಗ್ಗೆ ಆ ಮಾತು ಆಕೆ ಆಡಿದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಓಣಿಯ ಹುಡುಗರ ಚೆಂಡು ಬೇಲಿಗೆ ಬಿದ್ದರೆ ಮುಗಿಯಿತು. ‘ಆಯಿ, ಚೆಂಡ ಕೊಡ್ರಿ’ ಎಂದು ಅವು ಗೋಗರೆದರೆ, ‘ನಾ ಎಲ್ಲಿ ಹಿಡಕೊಂಡೇನಿ? ಮುಳ್ಳಿಗೆ ಕೇಳ್ರಿ’ ಅನ್ನುವಳು. ಎದುರು ಮನೆಯವರು ಮಗಳ ಮದುವೆಗೆಂದು ಒಂದು ಬುಟ್ಟಿ ಹೂ ಕೇಳಿದರು. ಕೊಟ್ಟಳು. ಆ ಹೂ ಕಿತ್ತ ತಾಸಿಗೆಲ್ಲ ಉದುರುತ್ತದೆ ಅಂತ ಮಾತ್ರ ಹೇಳಲಿಲ್ಲ. ಅಕ್ಕಿಕಾಳು ಹಾಕುವ ಹೊತ್ತಿಗೆ ಮದುಮಗಳ ತಲೆಯ ದಂಡೆಯಲ್ಲಿ ಬರೇ ತೊಟ್ಟು. ಆಯಿ ಮುಂದಿನ ಸಾಲಿನಲ್ಲಿ ಕೂತು ಬೂಂದಿ ತಿನ್ನುತ್ತ ನೋಡುತ್ತಿದ್ದಳು. ನನಗೆ ಆವತ್ತು ನಗು ಬಂತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಮಾತ್ರ ಆಕೆ ಬೇರೆ ಹೆಂಗಸು. ಮಿಂದು, ಹಣೆಗೆ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತರೆ ಮುಖದ ಗಂಟೆಲ್ಲ ಬಿಚ್ಚುತ್ತಿತ್ತು. ಲಿಂಗಕ್ಕೆ ನೀರೆರೆಯುವಾಗ ಆ ಕೈ ಎಷ್ಟು ಮೆತ್ತಗಿರುತ್ತಿತ್ತು ಅಂತೀರಿ. ಇದೇ ಕೈಯೇ ಅದು ಎಂದು ನಾನು ಬೇಲಿಯ ಸಂದಿಯಿಂದ ನೋಡುತ್ತಿದ್ದೆ.

ಇಂಥ ಮನೆಗೆ ಸೊಸೆಯಾಗಿ ಬಂದವಳು ನೀಲವ್ವ. ಮುಂಡಗೋಡದ ಹತ್ತಿರ ಇಂದೂರಿನ ಹುಡುಗಿ, ತಾಯಿಯಿಲ್ಲದವಳು. ಗಂಡ ಬಸ್ಸಿನಲ್ಲಿ ದಾಂಡೇಲಿಗೆ ಹೋಗಿ ಕಾಗದದ ಕಾರ್ಖಾನೆಯಲ್ಲಿ ದುಡಿದು ಬರುವವನು. ಅಲ್ಲಿ ಶಿಫ್ಟು ಯಾವುದೇ ಇರಲಿ, ಮನೆಯಲ್ಲಿ ಮಾತ್ರ ಆತನದು ನಿದ್ದೆಯ ಶಿಫ್ಟು. ಅವ್ವ ಬಾಯಿ ತೆರೆದರೆ ಈತ ಕಣ್ಣು ಮುಚ್ಚುತ್ತಿದ್ದ.

ನೀಲವ್ವನನ್ನು ಕಳಿಸುವಾಗ ಅವಳ ಅಪ್ಪ ಒಂದು ಡಬ್ಬಿಯಲ್ಲಿ ಗುಲಾಬಿ ಗಿಡ ಕೊಟ್ಟಿದ್ದ. ಕಸಿ ಮಾಡಿದ್ದು, ಕೆಂಪು ಹೂವಿನದು. ಆಯಿ ಅದನ್ನು ಬೇಡ ಅನ್ನಲಿಲ್ಲ. ಬಾಗಿಲ ಹತ್ತಿರ ತಾನೇ ಕುಣಿ ತೋಡಿ ನೆಟ್ಟಳು. ಬೇಸಿಗೆಯಲ್ಲಿ ಒಂದು ದಿನ ನೀಲವ್ವ ಅದಕ್ಕೆ ಚರಿಗೆಯಲ್ಲಿ ನೀರು ಹಾಕುತ್ತಿದ್ದಾಗ ಆಯಿ ಬಂದು ಚರಿಗೆ ಕಸಿದುಕೊಂಡಳು.

‘ಏನ ಮಾಡಾಕತ್ತೀ? ಅದನ್ನ ಕೊಲ್ಲಾಕತ್ತೀಯೇನ?’

‘ಒಣಗಾಕತ್ತೈತ್ರಿ ಅತ್ತಿ...’

‘ನೀರ ಹಾಕಿದ್ರ ಬೇರ ಕೊಳತ ಸಾಯ್ತೈತಿ. ನಮ್ಮನ್ಯಾಗ ಗಿಡಕ್ಕ ನೀರ ಹಾಕೂ ಪದ್ಧತಿ ಇಲ್ಲ. ನನ್ನ ಬೇಲಿಗೆ ಯಾವಾಗರೆ ಹಾಕೀನೇನು?’

ಕೆಂಪು ಗುಲಾಬಿ ಆ ಬೇಸಿಗೆಯಲ್ಲೇ ಒಣಗಿ ಕಡ್ಡಿಯಾಯಿತು. ನೀಲವ್ವ ಎರಡು ದಿನ ಮಂಕಾಗಿದ್ದಳು. ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ, ‘ಅಕ್ಕಾರ! ಅಕ್ಕಾರ! ಬದುಕೈತ್ರಿ!’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಹೋಗಿ ನೋಡಿದರೆ ಬುಡದಿಂದ ತಿಳಿಹಸಿರು ಚಿಗುರು. ಅವಳ ಮುಖ ನೋಡಬೇಕಿತ್ತು, ತವರಿಂದ ಯಾರೋ ಬಂದಂತೆ. ಆಯಿ ಅಲ್ಲೇ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ‘ಹೌದವಾ, ಬದುಕೈತಿ’ ಎಂದಳು. ಅಷ್ಟೇ.

ಆ ಚಿಗುರನ್ನು ನೀಲವ್ವ ಕೂಸಿನ ಹಾಗೆ ಕಾದಳು. ಅಕ್ಕಿ ತೊಳೆದ ನೀರನ್ನು ಕದ್ದು ಸುರಿದಳು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ‘ಈ ಸಲ ಬಿಡ್ತೈತ್ರಿ’ ಎಂದು ನನಗೆ ಹೇಳುತ್ತಲೇ ಇದ್ದಳು. ಶಿವರಾತ್ರಿಯ ಹೊತ್ತಿಗೆ ಮೊಗ್ಗು ಒಡೆಯಿತು. ಬಿಳಿ. ಐದು ಎಸಳು. ಆಯಿ ಗೋಡೆಗೆ ಕೈಕೊಟ್ಟು, ಕೆಮ್ಮು ಬರುವ ತನಕ ನಕ್ಕಳು. ‘ಕಸಿ ಮಾಡೂದು ಕಾಡಗುಲಾಬಿ ಬುಡದ ಮ್ಯಾಲನ, ಹುಚ್ಚಿ. ನಿಮ್ಮಪ್ಪನ ಗಿಡದ ಬೇರೂ ನನ್ನ ಗಿಡಾನ.’

ಇದು ಆಕೆಗೆ ಚಿಗುರು ಕಂಡ ದಿನವೇ ಗೊತ್ತಿತ್ತು. ಅಷ್ಟು ತಿಂಗಳು ಸೊಸೆ ಕಾಯುವುದನ್ನು ನೋಡುತ್ತ ಕೂತಿದ್ದಳು. ನೋಡಿ, ಬೈಯುವ ಅತ್ತೆಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹೊಡೆಯುವವರನ್ನೂ ಕಂಡಿದ್ದೇನೆ. ಇಷ್ಟು ತಾಳ್ಮೆಯಿರುವವಳನ್ನು ಕಂಡಿರಲಿಲ್ಲ.

ಆಮೇಲೆ ಬಂತು ಬಾಣಂತನ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತಾಯಿಯಿಲ್ಲ, ಅಣ್ಣನ ಹೆಂಡತಿ ಒಲ್ಲೆ ಅಂದಳು. ‘ನಾ ಮಾಡ್ತೇನಿ’ ಎಂದಳು ಆಯಿ. ನೀಲವ್ವ ಸರಕಾರಿ ದವಾಖಾನೆಯಲ್ಲಿ ಹೆಣ್ಣು ಹಡೆದು ಮನೆಗೆ ಬಂದಾಗ ಜೂನಿನ ಮಿರಗದ ಮಳೆ ಸುರಿಯುತ್ತಿತ್ತು.

ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎನ್ನುವ ಮಾತು ಆಗ ಎಲ್ಲ ಮನೆಯಲ್ಲೂ ಇತ್ತು. ಉಳಿದವರು ಬಾಯಲ್ಲಿ ಹಾಗೆ ಹೇಳುತ್ತಿದ್ದರು, ಬಾಣಂತಿ ಅಂಗಲಾಚಿದರೆ ಕಾಸಿ ಆರಿಸಿದ ಒಂದು ಲೋಟ ಕೊಟ್ಟೂ ಬಿಡುತ್ತಿದ್ದರು. ಆಯಿ ಹೇಳಿದ್ದನ್ನು ಮಾಡುವವಳು. ಖಾರ, ಉಂಡೆ, ತುಪ್ಪ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನೀರು ಮಾತ್ರ ಊಟಕ್ಕೊಂದು ಗುಟುಕು. ನಾನು ಹೋಗಿ ನೇರವಾಗಿಯೇ ಹೇಳಿದೆ: ‘ಹಾಲ ಬರಬೇಕಂದ್ರ ನೀರ ಕುಡೀಬೇಕ್ರಿ ಆಯಿ. ಹಿಂಗ ಮಾಡಿದ್ರ ಆಕಿ ಸಾಯ್ತಾಳ.’

‘ನನಗೂ ಕೊಟ್ಟಿರಲಿಲ್ಲ. ನಾ ಸತ್ನೇನು?’ ಎಂದಳು. ‘ನಿನ್ನ ಅಂಗನವಾಡಿ ನನ್ನ ಅಂಗಳದಾಗ ಬ್ಯಾಡ. ನಡಿ.’

ನಾನು ನರ್ಸಮ್ಮನನ್ನು ಕರೆದುಕೊಂಡು ಬಂದೆ. ಬಂದು ನೋಡಿದರೆ ನೀಲವ್ವನ ತಲೆದಿಂಬಿನ ಪಕ್ಕ ಥಳಥಳ ಬೆಳಗಿದ ತಂಬಿಗೆ, ತುಂಬ ನೀರು. ‘ಕುಡೀ ಅಂದ್ರ ಈಕಿನ ಒಲ್ಲೆ ಅಂತಾಳ್ರಿ ಸಿಸ್ಟರ್’ ಎಂದಳು ಆಯಿ, ಎಷ್ಟು ಅಕ್ಕರೆಯಿಂದ! ನೀಲವ್ವ ಆ ತಂಬಿಗೆಯನ್ನೇ ನೋಡುತ್ತ ಹೌದೆಂದು ತಲೆಯಾಡಿಸಿದಳು. ನರ್ಸಮ್ಮ ಹೊಸ್ತಿಲು ದಾಟುವುದೇ ತಡ, ತಂಬಿಗೆ ಒಳಗೆ ಹೋಯಿತು.

ಹೊರಗೆ ಹಂಚಿನಿಂದ ಧಾರೆ ಧಾರೆಯಾಗಿ ನೀರು, ಒಳಗೆ ಈ ಹುಡುಗಿಯ ತುಟಿ ಒಡೆದು ರಕ್ತ. ಬಾಣಂತಿಗೆ ದಿನಾ ಬಿಸಿನೀರು ಎರೆಯುತ್ತಾರಲ್ಲ, ಆಗ ತಲೆಯ ಮೇಲಿಂದ ಇಳಿಯುವ ನೀರಿಗೆ ನೀಲವ್ವ ಬಾಯಿ ತೆರೆದಳಂತೆ. ಆಯಿ ಒಂದು ಕೈಯಿಂದ ಎರೆಯುವುದನ್ನು ನಿಲ್ಲಿಸದೆಯೇ ಇನ್ನೊಂದು ಕೈಯಿಂದ ಅವಳ ಬಾಯಿ ಮುಚ್ಚಿದಳಂತೆ. ಇದನ್ನು ನೀಲವ್ವ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಹೇಳುವಾಗ ಅವಳ ಕೈ ತನ್ನಷ್ಟಕ್ಕೇ ಬಾಯಿಯ ಮೇಲೆ ಹೋಯಿತು.

ಮಳೆ ಬಿಟ್ಟ ಒಂದು ಮಧ್ಯಾಹ್ನ ಆಯಿ ನೀರಿನ ಕೊಡವಿದ್ದ ಅಡಿಗೆಮನೆಗೆ ಕೀಲಿ ಹಾಕಿ ಹಿಟ್ಟಿನ ಗಿರಣಿಗೆ ಹೋದಾಗ ನೀಲವ್ವ ಹಿತ್ತಲ ಬಾಗಿಲಿಗೆ ತೆವಳಿಕೊಂಡು ಬಂದು ಬೇಲಿಯಾಚೆಯಿಂದ, ‘ಅಕ್ಕಾರ, ನೀರ’ ಎಂದಳು. ಸುತ್ತಿ ಮುಂಬಾಗಿಲಿಂದ ಹೋಗೋಣವೆಂದರೆ ಅದಕ್ಕೂ ಆಯಿ ಕೀಲಿ ಹಾಕಿದ್ದಳು. ಬೇಲಿಯಲ್ಲಿ ತೆಳ್ಳಗಿದ್ದ ಒಂದು ಜಾಗದಿಂದ ಲೋಟ ಹಿಡಿದ ಕೈ ತೂರಿಸಿದೆ. ಹೋಗುವಾಗ ಸಲೀಸಾಗಿ ಹೋಯಿತು. ಅವಳು ಕುಡಿದಳು. ಕೈ ಹೊರಗೆ ತೆಗೆಯುವಾಗ ಮೊಣಕೈಯಿಂದ ಮಣಿಕಟ್ಟಿನ ತನಕ ಗೀರಿತು. ಸಂಜೆ ಆಯಿ ನನ್ನ ತೋಳನ್ನು ನೋಡಿದಳು, ಬೇಲಿಯನ್ನು ನೋಡಿದಳು. ಜಗಳ ತೆಗೆಯಲಿಲ್ಲ. ಆ ಸಂದಿಯಲ್ಲಿ ಇನ್ನೆರಡು ಕಡ್ಡಿ ಊರಿದಳು. ಮಳೆಗಾಲ ತಾನೇ, ಎರಡೂ ಹತ್ತಿದವು.

ನೀಲವ್ವನ ಹಾಲು ಬತ್ತಿತು. ಕೂಸಿಗೆ ಆಕಳ ಹಾಲಿಗೆ ನೀರು ಬೆರೆಸಿ ಕುಡಿಸಿದರು. ಅದಕ್ಕೆ ಮಾತ್ರ ಆ ಮನೆಯಲ್ಲಿ ನೀರಿತ್ತು. ಕೂಸು ಬದುಕಿತು, ಈಗ ಧಾರವಾಡದಲ್ಲಿ ಓದುತ್ತಿದ್ದಾಳೆ. ನೀಲವ್ವನೂ ಬದುಕಿದಳು. ‘ನೋಡಿದೆಲ್ಲ, ಸತ್ಲೇನು?’ ಎಂದು ಆಯಿ ನನ್ನನ್ನು ಕೇಳಿದಳು, ಪರೀಕ್ಷೆ ಪಾಸಾದವರ ಹಾಗೆ. ಅವತ್ತಿನಿಂದ ನೀಲವ್ವನಿಗೊಂದು ಚಟ ಹತ್ತಿತು. ಎಲ್ಲಿ ಕೂತರೂ ಮಗ್ಗಲಲ್ಲಿ ಒಂದು ತಂಬಿಗೆ ನೀರು ಇರಬೇಕು. ರೊಟ್ಟಿ ಬಡಿಯುವಾಗ, ಟಿವಿ ನೋಡುವಾಗ, ಹೊಲದಲ್ಲಿ ಕಳೆ ಕೀಳುವಾಗ. ಅದನ್ನು ಕುಡಿಯುತ್ತಿರಲಿಲ್ಲ. ಸುಮ್ಮನೆ ಇರಬೇಕು, ಅಷ್ಟೇ.

ಹೋದ ವರ್ಷ ಬೇಸಿಗೆಯಲ್ಲಿ ಆಯಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರಾ ಬಿತ್ತು, ಬಾಯಿ ಒಂದು ಕಡೆಗೆ ಜಾರಿತು. ಹುಬ್ಬಳ್ಳಿಗೆ ಒಯ್ದು ತಂದರು. ನುಂಗುವುದು ಸರಿಯಿಲ್ಲ, ನೀರನ್ನು ಚಮಚೆಯಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ, ಹೆಚ್ಚಾದರೆ ಪುಪ್ಪುಸಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ನಾನು ನೋಡಲು ಹೋದಾಗ ನೀಲವ್ವ ಮಂಚದ ಪಕ್ಕ ಕೂತಿದ್ದಳು. ಕೈಯಲ್ಲಿ ಚಮಚೆ. ಮಗ್ಗಲಲ್ಲಿ, ಆಯಿಯ ಕಣ್ಣಿಗೆ ನೇರವಾಗಿ, ತುಂಬಿದ ತಂಬಿಗೆ.

ಆಯಿ ನನ್ನನ್ನು ನೋಡಿ, ‘ಅಂ...ಗನ...’ ಎಂದಳು. ಆಮೇಲೆ, ‘ನೀರ.’

ನನಗೆ ತಡೆಯಲಿಲ್ಲ. ಎಂಥ ರಾಕ್ಷಸಿಯಾದರೂ ಬಾಯಾರಿದ ಬಾಯಿ ಬಾಯೇ. ‘ನೀಲವ್ವ, ಇನ್ನೊಂದ ಚಮಚಾ ಕೊಡವಾ. ನಾ ತಲಿ ಎತ್ತಿ ಹಿಡೀತೇನಿ.’

‘ಡಾಕ್ಟರ್ ಹೇಳ್ಯಾರ್ರಿ ಅಕ್ಕಾರ.’

‘ಅದು ಖರೆ. ಆದ್ರ ಆ ತಂಬಿಗಿ ಆಕಿ ಎದುರಿಗೆ ಯಾಕಿಟ್ಟಿ? ಅದನ್ನರೆ ಆಚಿಗೆ ಇಡು.’

‘ಅದು ನನ್ನದ್ರಿ’ ಎಂದಳು ನೀಲವ್ವ, ಮೆತ್ತಗೆ. ಚಮಚೆಯ ತುದಿಯಿಂದ ಆಯಿಯ ತುಟಿ ಒದ್ದೆ ಮಾಡಿದಳು. ‘ನನಗೂ ಕೊಟ್ಟಿರಲಿಲ್ಲ. ನಾ ಸತ್ನೇನ್ರಿ?’

ಆಯಿ ಇದನ್ನು ಕೇಳಿಸಿಕೊಂಡಳು. ಕಣ್ಣು ತಿರುಗಿಸಿ ಸೊಸೆಯನ್ನು ತುಂಬ ಹೊತ್ತು ನೋಡಿದಳು. ಎಡಗೈ ಚಾಚಿ ನೀಲವ್ವನ ಮಣಿಕಟ್ಟು ಹಿಡಿದಳು, ಒಮ್ಮೆ ಜಗ್ಗಿದಳು. ನೀಲವ್ವ ಅಲ್ಲಾಡಲಿಲ್ಲ. ಆಯಿಯ ಸರಿಯಿದ್ದ ಅರ್ಧ ಮುಖ ನಕ್ಕಿತು.

‘ಹತ್ತಿತು’ ಎಂದಳು.

ಆ ಮಾತು ಕೇಳಿ ನೀಲವ್ವನ ಕೈಯಿಂದ ಚಮಚೆ ಬಿತ್ತು. ನಾನು ಎದ್ದು ಮನೆಗೆ ಬಂದೆ. ಅತ್ತೆಸೊಸೆಯರಲ್ಲಿ ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ನನಗೆ ತಿಳಿಯದೇ ಹೋದದ್ದು ಅದೇ ಮೊದಲು.

ಆಯಿ ಶ್ರಾವಣದಲ್ಲಿ ಸತ್ತಳು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಅವರದೇ ಹೊಲದಲ್ಲಿ ಕುಣಿ ತೋಡಿದರು. ಮನೆಯಲ್ಲಿ ಶವವನ್ನು ಕೂರಿಸಿ ವಿಭೂತಿ ಹಚ್ಚುತ್ತಿದ್ದಾಗ ಹಿತ್ತಲಿನಿಂದ ಕಚಕಚ ಸಪ್ಪಳ. ನೀಲವ್ವ ಕುಡುಗೋಲು ಹಿಡಿದು ಬೇಲಿ ಕಡಿಯುತ್ತಿದ್ದಳು. ಬುಡದ ತನಕ, ಒಂದು ಕಡ್ಡಿ ಉಳಿಸದಂತೆ. ಹೆಂಗಸರು, ‘ದುಃಖಾ ತಡಿಯಾಕ ಆಗವಲ್ದು ಪಾಪ’ ಎಂದರು.

ಹೊಸ ಮಣ್ಣನ್ನು ನರಿನಾಯಿ ಕೆದರಬಾರದೆಂದು ಮೇಲೆ ಜಾಲಿಮುಳ್ಳು ಹೇರುವುದು ನಮ್ಮ ಕಡೆಯ ಪದ್ಧತಿ. ಆವತ್ತು ಜಾಲಿ ತರುವ ಕೆಲಸವೇ ಬೀಳಲಿಲ್ಲ. ಇಡೀ ಬೇಲಿ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಬಂತು. ಅದನ್ನು ನೀಲವ್ವ ತಾನೇ ಹೇರಿದಳು. ಹೇರಿ, ಮೇಲೆ ಹತ್ತಿ ಬರಿಗಾಲಲ್ಲಿ ತುಳಿದಳು. ಅಂಗಾಲಿನಿಂದ ರಕ್ತ ಬಂದರೂ ನಿಲ್ಲಿಸಲಿಲ್ಲ. ಕೊನೆಗೆ ಗಂಡ ಬಂದು ರಟ್ಟೆ ಹಿಡಿದು ಇಳಿಸಿದ. ಆತ ಅವಳಿಗಾಗಿ ಕೈ ಚಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಿಟ್ಟಿನಲ್ಲಿ ಅವಳು ಮರೆತದ್ದು ಒಂದೇ. ಶ್ರಾವಣದ ಹಸಿಮಣ್ಣಿಗೆ ಹಸಿಕಡ್ಡಿ ತುಳಿದು ಇಳಿಸಿದರೆ ಏನಾಗುತ್ತದೆ ಎನ್ನುವುದು. ಆ ಮನೆಯಲ್ಲಿ ಪ್ರತಿ ಮಳೆಗಾಲ ಕಣ್ಣಾರೆ ಕಂಡವಳು! ಗಣೇಶ ಚೌತಿಯ ಹೊತ್ತಿಗೆ ಗೋರಿಯ ತುಂಬ ಚಿಗುರು. ಇತ್ತ ಹಿತ್ತಲಿನಲ್ಲಿ ಕಡಿದ ಬುಡವೂ ಒಂದಕ್ಕೆ ನಾಲ್ಕು ಚಿಗುರಿತು. ಒಬ್ಬಳು ಆಯಿ ಹೋಗಿ ಇಬ್ಬರಾದರು ಎಂದು ನಾನು ನಗೆಯಾಡಿದೆ. ನೀಲವ್ವ ನಗಲಿಲ್ಲ.

ಮಳೆ ನಿಂತ ಮೇಲೆ ಅವಳು ದಿನಾ ಹೊಲಕ್ಕೆ ಹೋಗಿ ಕೊಳವೆಬಾವಿಯಿಂದ ಕೊಡ ಕೊಡ ನೀರು ಹೊತ್ತು ಗೋರಿಗೆ ಸುರಿಯತೊಡಗಿದಳು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಕೈಮುಗಿದರು. ಸುದ್ದಿ ಮಠಕ್ಕೂ ಹೋಯಿತು. ಸೋಮವಾರದ ಪ್ರವಚನದಲ್ಲಿ ಅಯ್ಯನವರು, ‘ಸತ್ತ ಅತ್ತಿಯ ಸಮಾಧಿಗೆ ನೀರು ಹೊರುವ ಸೊಸಿ ನಮ್ಮೂರಾಗ ಅದಾಳ. ಸೊಸಿ ಅಂದ್ರ ಹಂಗಿರಬೇಕು’ ಎಂದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಪುಣ್ಯಕ್ಕೆ ಸೆರಗು ಬಾಯಿಗೆ ಅಡ್ಡ ಇತ್ತು.

ಈ ಶಿವರಾತ್ರಿಯ ಮರುದಿನ ನಾನೂ ಅವಳ ಜೊತೆ ಹೊಲಕ್ಕೆ ಹೋದೆ. ಗಿಡ ಎದೆಮಟ್ಟ ಬೆಳೆದಿತ್ತು, ಎಲೆ ಕಾಣದಷ್ಟು ಬಿಳಿ ಹೂ. ಓಣಿಯ ಬೇಲಿಯಲ್ಲಿ ಯಾವ ವರ್ಷವೂ ಅಷ್ಟು ಹೂ ನಾನು ಕಂಡಿರಲಿಲ್ಲ. ನೀಲವ್ವ ತನ್ನ ತಂಬಿಗೆಯನ್ನು ಬದುವಿನ ಮೇಲಿಟ್ಟು ಒಂದು ಕೊಡ ಸುರಿದಳು, ಎರಡನೆಯದನ್ನು ತುಂಬಿ ತಂದಳು.

‘ಇಷ್ಟ್ಯಾಕ ಸುರಿತೀ? ಆಕಿಗೆ ಇಷ್ಟ ಸೇವಾ ಯಾಕ ಬೇಕು?’ ಎಂದೆ.

‘ಸೇವಾ ಅಲ್ರಿ ಅಕ್ಕಾರ. ನೀರ ಹಾಕಿದ್ರ ಬೇರ ಕೊಳತ ಸಾಯ್ತೈತಿ ಅಂತ ಆಕಿನ ಹೇಳಿದ್ಲು. ಅಕ್ಕಿ ತೊಳದ ನೀರ ಸ್ವಲ್ಪ ಇತ್ತು, ಅದಕ್ಕ ಆವಾಗ ಸಾಯಲಿಲ್ಲ. ಈಗ ಕೊಡಗಟ್ಟಲೆ ಹಾಕಾಕತ್ತೀನಿ. ಸಾಯೂತನಾ ಬಿಡೂದಿಲ್ಲ.’

ನನಗೆ ಗೊತ್ತಿರುವುದು ನಗುವುದೊಂದೇ, ನಕ್ಕೆ. ‘ಹುಚ್ಚಿ! ನೀರಿಗೆ ಎಲ್ಲೆರೆ ಇದು ಸಾಯ್ತೈತೇನ? ಕಣ್ಣ ಬಿಟ್ಟ ನೋಡು. ನಿನ್ನ ನೀರ ಕುಡದ ಹೆಂಗ ಉಬ್ಬೈತಿ.’

ನೀಲವ್ವ ಕೊಡ ಇಳಿಸಿದಳು. ಗಿಡವನ್ನು ಬುಡದಿಂದ ತುದಿಯ ತನಕ, ಆವತ್ತೇ ಮೊದಲು ಕಂಡವಳಂತೆ ನೋಡಿದಳು.

‘ನೀರ ಹಾಕಿದ್ರ ಬೆಳೀತೈತಿ ಅನ್ನೂದು ಆಕಿಗೆ ಗೊತ್ತಿತ್ತೇನ್ರಿ?’

‘ಗೊತ್ತಿಲ್ಲದ ಏನು? ಮಾಲಿ ಹೇಣ್ತಿ ಆಕಿ.’

‘ಮತ್ತ ನನಗ ಯಾಕ ಕೊಡಲಿಲ್ಲ?’

ಅವಳು ಬದುವಿನ ಮೇಲೆ ಕುಸಿದು ಕೂತಳು. ಬಾಣಂತಿಯಾಗಿದ್ದಾಗ ಅಳದ ಅಳು ಈಗ ಬಂತೋ ಏನೋ, ಸತ್ತವರ ಮುಂದೆ ಹಾಡಿಕೊಂಡು ಅಳುವ ಹಾಗಲ್ಲ, ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೆನ್ನ ಮೇಲೆ ಕೈ ಇಟ್ಟು ಪಕ್ಕದಲ್ಲಿ ಕೂತೆ. ಅಳು ನಿಂತ ಮೇಲೆ ಮಗ್ಗಲಲ್ಲಿದ್ದ ತಂಬಿಗೆ ತೆಗೆದುಕೊಂಡಳು. ಗೋರಿಯ ಕಡೆಗೆ ಮುಖ ಮಾಡಿ, ತಂಬಿಗೆಯನ್ನು ಎತ್ತಿ, ಗಟಗಟ ಕುಡಿದಳು. ಅಷ್ಟು ವರ್ಷದಲ್ಲಿ ಅವಳು ಆ ನೀರು ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಪೂರ್ತಿ ಕುಡಿದಳು, ಒಂದು ಹನಿಯನ್ನೂ ಕೆಳಗೆ ಬೀಳಗೊಡಲಿಲ್ಲ.